ಕ್ರಾಸ್‌ಕ್ಲೈಂಬ್ ಬಳಕೆದಾರರ ವಿಮರ್ಶೆ: ಏಣಿ ಎಲ್ಲರದು, ಕೊನೆಯ ಮೆಟ್ಟಿಲು ಅಮೆರಿಕದ್ದು

ಕೆಲಸ ಹುಡುಕುವುದಕ್ಕೆ, ಕೆಲಸ ಸಿಕ್ಕಿದ್ದನ್ನು ಊರಿಗೆಲ್ಲ ಸಾರುವುದಕ್ಕೆ ಇರುವ ಲಿಂಕ್ಡ್‌ಇನ್‌ನಲ್ಲಿ ಆಟ ಯಾಕಪ್ಪಾ ಅಂತ ಮೊದಲು ಅನ್ನಿಸಿತ್ತು. 2024ರ ಮೇ ತಿಂಗಳಲ್ಲಿ ಮೂರು ಆಟ ಒಟ್ಟಿಗೆ ಬಂದವು: ಕ್ವೀನ್ಸ್, ಪಿನ್‌ಪಾಯಿಂಟ್, ಕ್ರಾಸ್‌ಕ್ಲೈಂಬ್. ನಮ್ಮ ಆಫೀಸಿನವರೆಲ್ಲ ಕ್ವೀನ್ಸ್ ಹಿಂದೆ ಬಿದ್ದರು. ನಾನು ಕ್ರಾಸ್‌ಕ್ಲೈಂಬ್‌ಗೆ ಅಂಟಿಕೊಂಡೆ. ಆಮೇಲೆ ಟ್ಯಾಂಗೋ, ಜಿಪ್, ಮಿನಿ ಸುಡೋಕು ಎಲ್ಲ ಬಂದವು. ಅವನ್ನೂ ಆಡಿ ನೋಡಿದ್ದೇನೆ, ಚೆನ್ನಾಗಿಯೇ ಇವೆ. ಆದರೆ ಅವೆಲ್ಲ ಚೌಕ, ಗೆರೆ, ಅಂಕಿಗಳ ಆಟ. ಪದದ ಹುಚ್ಚು ಇರುವವರಿಗೆ ಇದೇ ಸರಿ.

ಆಡುವ ಕ್ರಮ ಸುಲಭ. ಏಳು ಸಾಲಿನ ಒಂದು ಏಣಿ. ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ಬೀಗ. ನಡುವಿನ ಐದಕ್ಕೆ ಒಂದೊಂದು ಸುಳಿವು ಕೊಡುತ್ತಾರೆ, ಐದು ಪದ ಕಂಡುಹಿಡಿಯಬೇಕು. ಅವು ಬೇಕಂತಲೇ ಹಿಂದುಮುಂದಾಗಿ ಇರುತ್ತವೆ. ಪಕ್ಕಪಕ್ಕದ ಪದಗಳಲ್ಲಿ ಒಂದೇ ಒಂದು ಅಕ್ಷರ ಬದಲಾಗುವ ಹಾಗೆ ಅವನ್ನು ಎಳೆದು ಜೋಡಿಸಬೇಕು. ಜೋಡಿಸಿದ ಮೇಲೆ ಬೀಗ ತೆರೆಯುತ್ತದೆ, ಮೇಲಿನ ಪದಕ್ಕೂ ಕೆಳಗಿನ ಪದಕ್ಕೂ ಸೇರಿಸಿ ಒಂದೇ ಸುಳಿವು ಬರುತ್ತದೆ. ಹೆಚ್ಚಿನ ದಿನ ಆ ಎರಡು ಪದ ಸೇರಿ ಒಂದು ನುಡಿಗಟ್ಟೋ ಜೋಡಿಪದವೋ ಆಗಿರುತ್ತದೆ.

ಆಡದವರಿಗೆ ಅರ್ಥವಾಗಲಿ ಅಂತ ಇಲ್ಲೊಂದು ಏಣಿಯನ್ನು ನಾನೇ ಕಟ್ಟಿದ್ದೇನೆ. ಎಲೆ ಉದುರುವ ಕಾಲ: ಫಾಲ್. ಕುಳ್ಳಗಿಲ್ಲದವನು: ಟಾಲ್. ಅಜ್ಜಿ ಹೇಳುವುದು: ಟೇಲ್. ಆಷಾಢದಲ್ಲಿ ಬಟ್ಟೆ ಅಂಗಡಿ ಮುಂದೆ ತೂಗುವ ಬೋರ್ಡು: ಸೇಲ್. ಬೇರೆ ಅಲ್ಲ, ಅದೇ: ಸೇಮ್. ಈಗ ಕೊನೆಯ ಸುಳಿವು: ಅಮೆರಿಕದವರು ಬೇಸ್‌ಬಾಲ್ ಪಂದ್ಯವನ್ನು ಹೀಗೂ ಕರೆಯುತ್ತಾರೆ. ಉತ್ತರ: ಬಾಲ್ ಗೇಮ್. ಪೂರ್ತಿ ಏಣಿ ಬಾಲ್, ಫಾಲ್, ಟಾಲ್, ಟೇಲ್, ಸೇಲ್, ಸೇಮ್, ಗೇಮ್. ಇಂಗ್ಲಿಷಿನಲ್ಲಿ ಬರೆದು ನೋಡಿ, ಪ್ರತಿ ಮೆಟ್ಟಿಲಿಗೂ ಒಂದೇ ಅಕ್ಷರ ಬದಲು. ಕನ್ನಡದಲ್ಲಿ ಬರೆದರೂ ಸರಪಳಿ ತುಂಡಾಗಲಿಲ್ಲ ಅಲ್ವಾ, ಅದು ಪುಕ್ಕಟೆ ಸಿಕ್ಕ ಲಾಭ.

ಈ ಏಣಿ ಲಿಂಕ್ಡ್‌ಇನ್‌ನವರು ಕಂಡುಹಿಡಿದದ್ದಲ್ಲ. 1877ರ ಕ್ರಿಸ್‌ಮಸ್ ಹೊತ್ತಿಗೆ, ಮಾಡಲು ಏನೂ ಕೆಲಸವಿಲ್ಲ ಅಂತ ಬೇಜಾರಾಗಿದ್ದ ಇಬ್ಬರು ಹುಡುಗಿಯರಿಗಾಗಿ, ಆಲಿಸ್ ಇನ್ ವಂಡರ್‌ಲ್ಯಾಂಡ್ ಬರೆದ ಲೂಯಿಸ್ ಕ್ಯಾರಲ್ ಇದನ್ನು ಹೊಸೆದರು. ಅವರು ಇಟ್ಟ ಹೆಸರು ಡಬ್ಲೆಟ್ಸ್. 1879ರಲ್ಲಿ ಲಂಡನ್ನಿನ ವಾರಪತ್ರಿಕೆ ವ್ಯಾನಿಟಿ ಫೇರ್‌ನಲ್ಲಿ ಸ್ಪರ್ಧೆಯಾಗಿ ಬರತೊಡಗಿತು. ಹೆಡ್‌ನಿಂದ ಹೊರಟು ಟೇಲ್ ಮುಟ್ಟುವುದು ಅವರದೇ ಪ್ರಸಿದ್ಧ ಉದಾಹರಣೆ: ಹೆಡ್, ಹೀಲ್, ಟೀಲ್, ಟೆಲ್, ಟಾಲ್, ಟೇಲ್. ಇದು ಬಾಲದ ಟೇಲ್, ಅಜ್ಜಿಯದಲ್ಲ. ಎಲ್ಲ ಪದಕ್ಕೂ ಹೀಗೆ ನೆಂಟರು ಇರುವುದಿಲ್ಲ. ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕನೂತ್ ಐದಕ್ಷರದ 5757 ಇಂಗ್ಲಿಷ್ ಪದಗಳನ್ನು ಪರಸ್ಪರ ಕೊಂಡಿ ಹಾಕಿ ನೋಡಿದಾಗ 671 ಪದಗಳು ಯಾವುದಕ್ಕೂ ಅಂಟದೆ ಒಂಟಿಯಾಗಿ ಉಳಿದವು. ಅಲೂಫ್, ಅಂದರೆ ಯಾರ ಜೊತೆಗೂ ಸೇರದವನು ಅನ್ನುವ ಪದವೂ ಆ ಒಂಟಿಗಳಲ್ಲಿ ಒಂದು!

ಈಗ ವಿಷಯಕ್ಕೆ ಬರೋಣ. ನಾವು ಶಾಲೆಯಲ್ಲಿ ಕಲಿತದ್ದು ಬ್ರಿಟಿಷ್ ಇಂಗ್ಲಿಷ್. ಆಫೀಸಿನಲ್ಲಿ ಕ್ಲೈಂಟ್ ಜೊತೆ ಮಾತಾಡುವುದು ಅಮೆರಿಕದ ಇಂಗ್ಲಿಷ್. ಬೀದಿಯಲ್ಲಿ ಆಡುವುದು ನಮ್ಮದೇ ಇಂಗ್ಲಿಷ್. ಕ್ರಾಸ್‌ಕ್ಲೈಂಬ್ ಇರುವುದು ಎರಡನೆಯದರಲ್ಲಿ. ಅದರಲ್ಲಿ ತಪ್ಪೇನೂ ಇಲ್ಲ. ಲಿಂಕ್ಡ್‌ಇನ್ ಅಮೆರಿಕದ ಕಂಪನಿ. ಒಗಟು ಕಟ್ಟಲು ಅವರು ಕರೆತಂದ ಪಾವ್ಲೊ ಪಾಸ್ಕೊ ಅಮೆರಿಕದ ದೊಡ್ಡ ಪದಬಂಧ ಟೂರ್ನಮೆಂಟನ್ನು 2024ರಲ್ಲಿ ಗೆದ್ದವರು. ಹೊಸಬರು ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಆಡಿದರೆ ಸಾಕು. ಎಲೆ ಉದುರುವ ಕಾಲ ಅಂದಾಗ ನಮ್ಮ ತಲೆಗೆ ಬರುವುದು ಆಟಮ್. ನಾಲ್ಕೇ ಮನೆ ಇದೆಯಲ್ಲ, ಆಟಮ್ ಹಿಡಿಸುವುದಿಲ್ಲ. ಬಣ್ಣಕ್ಕೆ ಇಂಗ್ಲಿಷ್ ಪದ ಬರೆಯುವಾಗ ಒಂದು ಯು ಬಿಡಬೇಕು. ಮೊಬೈಲ್ ಅಂತ ಹೊಳೆದರೆ ಸೆಲ್ ಅಂತ ಯೋಚಿಸಬೇಕು. ಸ್ವಲ್ಪ ದಿನ ಆಡಿದರೆ ರೂಢಿಯಾಗುತ್ತದೆ.

ಕಷ್ಟ ಇರುವುದು ಬಿಡಿ ಪದಗಳಲ್ಲಿ ಅಲ್ಲ, ಕೊನೆಯ ಜೋಡಿಯಲ್ಲಿ. ಫಾಲ್ ಎಂದರೆ ಆಟಮ್ ಅಂತ ಒಮ್ಮೆ ಕಲಿತರೆ ಮುಗಿಯಿತು. ನುಡಿಗಟ್ಟು ಹಾಗಲ್ಲ, ಅದನ್ನು ಅಡುಗೆಮನೆಯಲ್ಲಿ, ಆಟದ ಮೈದಾನದಲ್ಲಿ ಕೇಳಿ ಬೆಳೆದಿರಬೇಕು. ದೃಷ್ಟಿಯಾಗದಿರಲಿ ಅಂತ ಬ್ರಿಟಿಷರು ಮರ ಮುಟ್ಟುತ್ತಾರೆ, ಅಮೆರಿಕದವರು ಮರ ಬಡಿಯುತ್ತಾರೆ. ಸಣ್ಣ ವಿಷಯಕ್ಕೆ ದೊಡ್ಡ ರಂಪವಾದರೆ ಬ್ರಿಟನ್ನಿನಲ್ಲಿ ಬಿರುಗಾಳಿ ಏಳುವುದು ಟೀ ಕಪ್ಪಿನಲ್ಲಿ, ಅಮೆರಿಕದಲ್ಲಿ ಟೀ ಪಾಟಿನಲ್ಲಿ. ಏನೇನೂ ಸಾಲದು ಅನ್ನುವುದಕ್ಕೆ ಹನಿ ಬೀಳುವುದು ಒಬ್ಬರಿಗೆ ಸಮುದ್ರಕ್ಕೆ, ಇನ್ನೊಬ್ಬರಿಗೆ ಬಕೆಟ್ಟಿಗೆ. ನಾವು ಜಾತ್ರೆಯಲ್ಲಿ ತಿನ್ನುವ ಬೊಂಬಾಯಿ ಮಿಠಾಯಿ ಲಂಡನ್ನಿನಲ್ಲಿ ಕ್ಯಾಂಡಿ ಫ್ಲಾಸ್, ನ್ಯೂಯಾರ್ಕಿನಲ್ಲಿ ಕಾಟನ್ ಕ್ಯಾಂಡಿ. ಪೇವ್‌ಮೆಂಟ್ ಅಂತೂ ಇನ್ನೂ ಮಜಾ. ಬ್ರಿಟನ್ನಿನಲ್ಲಿ ಅದು ನಡೆಯುವವರ ಜಾಗ, ಅಮೆರಿಕದಲ್ಲಿ ಡಾಂಬರು ಹಾಕಿದ ರಸ್ತೆಗೂ ಹಾಗೇ ಅನ್ನುತ್ತಾರೆ. ನಮಗೆ ಎರಡೂ ಬೇಡ, ಫುಟ್‌ಪಾತ್ ಇದೆ. ಅದರ ಮೇಲೆ ಸ್ಕೂಟರ್ ಓಡಿಸುವವರ ವಿಷಯ ಇಲ್ಲಿ ಬೇಡ.

ಇಷ್ಟು ತೊಡಕಿದ್ದೂ ಈ ಆಟವನ್ನು ನಾನು ಬಿಡದೆ ಇರುವುದು ಆ ಏಣಿಯ ದೆಸೆಯಿಂದ. ಮೇಲಿನ ನನ್ನ ಉದಾಹರಣೆಯನ್ನೇ ತಗೊಳ್ಳಿ. ಬೇಸ್‌ಬಾಲ್ ಗಂಧಗಾಳಿ ಗೊತ್ತಿಲ್ಲ ಅನ್ನಿ. ಪರವಾಗಿಲ್ಲ. ಮೇಲಿನ ಪದ ಫಾಲ್‌ಗಿಂತ ಒಂದೇ ಅಕ್ಷರ ಬೇರೆ: ಬಾಲ್, ಕಾಲ್, ಹಾಲ್, ಮಾಲ್, ವಾಲ್. ಕೆಳಗಿನದು ಸೇಮ್‌ಗಿಂತ ಒಂದೇ ಅಕ್ಷರ ಬೇರೆ: ಗೇಮ್, ನೇಮ್, ಫೇಮ್, ಟೇಮ್. ಒಂದೊಂದನ್ನೇ ಜೋಡಿಸಿ ನೋಡುತ್ತಾ ಹೋದರೆ ಉತ್ತರ ಸಿಗುತ್ತದೆ. ಹಾಲ್ ಆಫ್ ಫೇಮ್ ನೆನಪಾಗಿ ದಾರಿ ತಪ್ಪಿಸಬಹುದು, ಆದರೆ ಸುಳಿವು ಪಂದ್ಯ ಅನ್ನುತ್ತಿದೆ. ಅಂದರೆ ಗೊತ್ತಿಲ್ಲದ ನುಡಿಗಟ್ಟನ್ನೂ ಅಕ್ಷರ ಹಿಡಿದು ಹತ್ತಿ ಮುಟ್ಟಬಹುದು. ಮುಟ್ಟಿದ ಮೇಲೆ ಅದು ತಲೆಯಲ್ಲಿ ಉಳಿಯುತ್ತದೆ. ಅಮೆರಿಕದ ನುಡಿಗಟ್ಟು ಕಲಿಯುವುದಕ್ಕೆ ಇಷ್ಟು ನೋವಿಲ್ಲದ ದಾರಿ ನಾನು ಬೇರೆ ಕಂಡಿಲ್ಲ.

ಪಿನ್‌ಪಾಯಿಂಟ್‌ನಲ್ಲಿ ಈ ಸೌಕರ್ಯ ಇಲ್ಲ. ಅಲ್ಲಿ ಐದು ಪದ ಒಂದೊಂದಾಗಿ ತೆರೆಯುತ್ತವೆ, ಅವುಗಳ ನಡುವಿನ ನಂಟು ಹೇಳಬೇಕು. ಆ ಐದೂ ಒಂದೇ ಪದದ ಹಿಂದೆಯೋ ಮುಂದೆಯೋ ಸೇರುವಂಥವಾದರೆ, ಆ ಜೋಡಿಗಳನ್ನು ಕೇಳಿರದವನಿಗೆ ಹಿಡಿದುಕೊಳ್ಳಲು ಒಂದು ಅಕ್ಷರವೂ ಸಿಗುವುದಿಲ್ಲ. ಐದಕ್ಷರದ ಪದವನ್ನು ಊಹಿಸುವ ವರ್ಡಲ್ ಆಟ ಈ ಎರಡರ ನಡುವಿನದು. 2022ರ ಮೇ 5ರಂದು ಅದರ ಉತ್ತರ ಹೋಮರ್ ಆಗಿತ್ತು, ಬೇಸ್‌ಬಾಲ್‌ನ ಹೋಮ್ ರನ್‌ಗೆ ಅಮೆರಿಕದ ಆಡುಮಾತು. ಹೊರದೇಶದವರು ಸಿಟ್ಟಿನಿಂದ ನಿಘಂಟು ತೆರೆದರು. ಎಷ್ಟು ಜನ ಹುಡುಕಿದರು ಅಂದರೆ ಕೇಂಬ್ರಿಜ್ ನಿಘಂಟು ಅದನ್ನೇ ಆ ವರ್ಷದ ಪದ ಅಂತ ಸಾರಿತು.

ಬಳಕೆಯ ಕೆಲವು ಮಾತು. ದುಡ್ಡು ಕೊಡಬೇಕಿಲ್ಲ, ಖಾತೆ ಇದ್ದರೆ ಸಾಕು. ಹೊಸ ಒಗಟು ಬರುವುದು ಅಮೆರಿಕದ ಪಶ್ಚಿಮ ಕರಾವಳಿಯ ನಡುರಾತ್ರಿಗೆ. ನಮಗೆ ಅದು ಮಧ್ಯಾಹ್ನ 12:30, ಅಲ್ಲಿ ಚಳಿಗಾಲದ ಗಡಿಯಾರ ಇರುವಾಗ 1:30. ಊಟದ ಡಬ್ಬಿ ತೆರೆಯುವ ಹೊತ್ತಿಗೆ ಸರಿಯಾಗಿ. ಫೋನಿನಲ್ಲಿ ಸಾಲು ಎಳೆಯುವಾಗ ಬೆರಳು ಎಣ್ಣೆಯಾಗಿರಬಾರದು ಅಷ್ಟೇ. ಗಡಿಯಾರ ಓಡುತ್ತಿರುತ್ತದೆ, ಪರಿಚಯದವರ ಸಮಯ ಪಕ್ಕದಲ್ಲೇ ಕಾಣುತ್ತದೆ. ಕೆಲವರಿಗೆ ಅದೇ ಖುಷಿ. ನನಗೆ ಅದು ಬೇಡ. ಸುಮ್ನೆ ನಿಧಾನವಾಗಿ ಯೋಚಿಸುವ ಆಟಕ್ಕೆ ಓಟದ ಪಂದ್ಯದ ವೇಷ ಯಾಕೆ? ಸಿಕ್ಕಿಹಾಕಿಕೊಂಡರೆ ಸುಳಿವಿನ ಗುಂಡಿ ಇದೆ, ನಾಚಿಕೆ ಇಲ್ಲದೆ ಒತ್ತಿ. ಇನ್ನೊಂದು ಎಚ್ಚರಿಕೆ: ಆಟ ಮುಗಿದ ಕೂಡಲೇ ಹೊರಗೆ ಬನ್ನಿ. ಇಲ್ಲದಿದ್ದರೆ ಯಾರದೋ ಪ್ರಮೋಷನ್, ಯಾರದೋ ಸರ್ಟಿಫಿಕೇಟ್ ಓದುತ್ತಾ ಅರ್ಧ ಗಂಟೆ ಹೋಗುತ್ತದೆ. ನನ್ನ ಕಡೆಯಿಂದ 5ಕ್ಕೆ 4. ಕಡಿಮೆಯಾದ ಒಂದು ಆ ಗಡಿಯಾರಕ್ಕೆ.

ಈ ಆಟದಿಂದ ಹುಟ್ಟಿದ ಇನ್ನೊಂದು ಆಟದ ಬಗ್ಗೆ ಹೇಳದೆ ಇರಲಾರೆ. ನನ್ನ ಅಕ್ಕನ ಮಗಳು ನ್ಯೂಜೆರ್ಸಿಯಲ್ಲೇ ಹುಟ್ಟಿ ಬೆಳೆದವಳು. ಮನೆಯ ವಾಟ್ಸಾಪ್ ಗುಂಪಿನಲ್ಲಿ ಕ್ರಾಸ್‌ಕ್ಲೈಂಬ್‌ನ ಕೊನೆಯ ಜೋಡಿಯನ್ನು ಅವಳು ಸಲೀಸಾಗಿ ಬಿಡಿಸುತ್ತಾಳೆ. ಲೆಸ್ಟರ್‌ನಲ್ಲಿರುವ ನನ್ನ ತಮ್ಮ, "ಅಕ್ಕಾ, ಇದು ಯಾವ ಊರಿನ ಇಂಗ್ಲಿಷು?" ಅಂತ ಗೊಣಗುತ್ತಾನೆ. ಅದಕ್ಕೆ ನಾವು ನಮ್ಮದೇ ಜೋಡಿ ಸರಪಳಿ ಶುರು ಮಾಡಿದೆವು. ಒಂದು ಜೋಡಿಯ ಎರಡನೇ ಪದದಿಂದ ಮುಂದಿನ ಜೋಡಿ ಶುರುವಾಗಬೇಕು. ನಿಯಮ ಒಂದೇ: ಕರ್ನಾಟಕದ ಬೀದಿಯಲ್ಲಿ ಕೇಳುವ ಇಂಗ್ಲಿಷ್ ನಡೆಯುತ್ತದೆ. ಹೋಮ್ ಟೌನ್, ಟೌನ್ ಹಾಲ್, ಹಾಲ್ ಟಿಕೆಟ್, ಟಿಕೆಟ್ ಕೌಂಟರ್. "ಹಾಲ್ ಟಿಕೆಟ್ ಅಂದ್ರೆ ಕನ್ಸರ್ಟಿಗಾ ಚಿಕ್ಕಮ್ಮ?" ಅಂತ ಕೇಳಿದಳು. ಹತ್ತನೇ ಕ್ಲಾಸಿನ ಪರೀಕ್ಷೆಯ ಭಯ ಅವಳಿಗೆ ಹೇಗೆ ಗೊತ್ತಿರಬೇಕು! ಇನ್ನೊಂದು: ಪವರ್ ಕಟ್, ಕಟ್ ಪೀಸ್, ಪೀಸ್ ವರ್ಕ್, ವರ್ಕ್ ಶಾಪ್. ಅವಳ ಕಡೆ ಕರೆಂಟ್ ಹೋದರೆ ಪವರ್ ಔಟೇಜ್. ಚಿಕ್ಕಪೇಟೆಯಲ್ಲಿ ಕಟ್ ಪೀಸ್ ಆರಿಸಿದ ಅನುಭವ ಅವಳಿಗೆ ಮೊದಲೇ ಇಲ್ಲ. ಮೊದಲ ಮೆಟ್ಟಿಲಲ್ಲೇ ನಿಂತಳು.

ಆಫೀಸಿನಲ್ಲಿ ಇದನ್ನೇ ಆಡಿಸಿದೆ. ನಾನು ಪೆಟ್ರೋಲ್ ಬಂಕ್ ಅಂದೆ, ಅಲ್ಲಿಂದ ಬಂಕ್ ಬೆಡ್, ಬೆಡ್ ಶೀಟ್, ಶೀಟ್ ಮೆಟಲ್. ದೆಹಲಿಯಿಂದ ಬಂದ ಸಹೋದ್ಯೋಗಿ ಬಂಕ್ ಅನ್ನೋದೇ ತಪ್ಪು, ಅದು ಪೆಟ್ರೋಲ್ ಪಂಪ್ ಅಂತ ಹಟ ಹಿಡಿದ. ಸರಿ, ಪಂಪೇ ಆಗಲಿ ಅಂದೆವು. ಪೆಟ್ರೋಲ್ ಪಂಪ್, ಪಂಪ್ ಸೆಟ್ ಅಂತ ಹೇಳಿ ಅವನು ಗೆದ್ದೆ ಅಂದುಕೊಂಡ. ಪಕ್ಕದ ಮೇಜಿನ ಮಂಡ್ಯದ ಹುಡುಗಿ ತಲೆ ಎತ್ತದೆ, "ಸೆಟ್ ದೋಸೆ" ಅಂದಳು.