ಎಕೋ ಯಂತ್ರದೊಳಗಿನ ಎಐ: ದಾವಣಗೆರೆಯ ರೋಗಿಗಳಿಗೆ ಎಷ್ಟು ಉಪಯೋಗ?

ಹರಿಹರ, ಜಗಳೂರು, ಚನ್ನಗಿರಿ ಕಡೆಯಿಂದ ಎಕೋ (ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆ) ಮಾಡಿಸಲು ದಾವಣಗೆರೆಗೆ ಬರುವವರ ಕಣ್ಣು ರಿಪೋರ್ಟಿನಲ್ಲಿ ಮೊದಲು ಹೋಗುವುದು 'ಇಎಫ್' ಅಂಕಿಯ ಮೇಲೆ. ಹೃದಯದ ಎಡ ಕೆಳಕೋಣೆ, ಅಂದರೆ ಎಡ ಹೃತ್ಕುಕ್ಷಿ, ತುಂಬಿಕೊಂಡ ರಕ್ತದಲ್ಲಿ ಶೇಕಡಾ ಎಷ್ಟನ್ನು ಒಂದು ಬಡಿತಕ್ಕೆ ಹೊರದೂಡುತ್ತದೆ ಎಂಬ ಲೆಕ್ಕ ಅದು. ಗಂಡಸರಲ್ಲಿ 52ರಿಂದ 72, ಹೆಂಗಸರಲ್ಲಿ 54ರಿಂದ 74 ಇದ್ದರೆ ಸರಿ. ಹೊಸ ಯಂತ್ರಗಳಲ್ಲಿ ಇದನ್ನು ಎಐ ತಾನೇ ಅಳೆಯುತ್ತದೆ.

ಕೆಲಸ ಮೆಚ್ಚುವಂಥದ್ದೇ. ನಾಲ್ಕು ಕೋಣೆ ಕಾಣುವ ದೃಶ್ಯ ಒಂದು, ಎರಡು ಕೋಣೆಯದು ಒಂದು ಕೊಟ್ಟರೆ ಹೃತ್ಕುಕ್ಷಿಯ ಒಳಗೋಡೆಯ ಗೆರೆಯನ್ನು ಕೆಲವೇ ಸೆಕೆಂಡಿನಲ್ಲಿ ಎಳೆದು ಇಎಫ್ ಲೆಕ್ಕ ಹಾಕುತ್ತದೆ. ಕೈಯಿಂದ ಕೈಗೆ ಅಳತೆ ಬದಲಾಗುವ ತೊಂದರೆ ಕಡಿಮೆ. ಕೆಲವು ಕೀಮೋ (ಕ್ಯಾನ್ಸರ್) ಔಷಧಿ ಹೃದಯವನ್ನು ದುರ್ಬಲಗೊಳಿಸಬಹುದಾದ್ದರಿಂದ, ಕೀಮೋ ನಡೆಯುತ್ತಿರುವವರ ಹಳೆಯ ಹೊಸ ರಿಪೋರ್ಟ್ ಹೋಲಿಸಲು ಇದು ದೊಡ್ಡ ಅನುಕೂಲ.

ಎಡವುವುದು ಎದೆಯ ಮೇಲಿಡುವ ಪ್ರೋಬ್ ಹಿಡಿಯುವಲ್ಲಿ. ಅದು ಹೃದಯದ ತುದಿಗಿಂತ ಒಂದು ಪಕ್ಕೆಲುಬಿನ ಸಂದಿ ಮೇಲಿದ್ದರೂ ಹೃತ್ಕುಕ್ಷಿ ಮೊಟಕಾಗಿ ಕಾಣುತ್ತದೆ, ಇಎಫ್ ಇರುವುದಕ್ಕಿಂತ ಹೆಚ್ಚು ಬರಬಹುದು. ರೋಗಿಯನ್ನು ಎಡಮಗ್ಗುಲಿಗೆ ಮಲಗಿಸಿ, ಉಸಿರು ಬಿಟ್ಟು ಹಿಡಿಯಲು ಹೇಳಿ, ಇಸಿಜಿ ವೈರ್ ಹಾಕಿಯೇ ರೆಕಾರ್ಡ್ ಮಾಡಬೇಕು. ಏಟ್ರಿಯಲ್ ಫಿಬ್ರಿಲೇಷನ್‌ನಿಂದ ಬಡಿತ ತಾಳ ತಪ್ಪಿದವರಲ್ಲಿ ಒಂದೇ ಬಡಿತ ಸಾಲದು, ಕನಿಷ್ಠ ಐದರ ಸರಾಸರಿ ಬೇಕು. ಬೀಡಿ ಸೇದಿ ಶ್ವಾಸಕೋಶ ಉಬ್ಬಿದವರಲ್ಲಿ ಚಿತ್ರವೇ ಮಸುಕು, ಎಐ ಗೆರೆ ಗೋಡೆ ಬಿಟ್ಟು ಓಡುತ್ತದೆ. ಅದನ್ನು ಕೈಯಲ್ಲಿ ತಿದ್ದದೆ ಪ್ರಿಂಟ್ ಕೊಡುವುದು ತಪ್ಪು, ಔಷಧಿಯೇ ಬದಲಾಗಿಬಿಡಬಹುದು.

ಈ ಎಐ ಅಳತೆಗೆ ನಮ್ಮ ಅಂಕ ಐದಕ್ಕೆ ನಾಲ್ಕು. ರಿಪೋರ್ಟಿನಲ್ಲಿ 'ಆಟೊ ಇಎಫ್' (ಯಂತ್ರವೇ ಅಳೆದ ಇಎಫ್) ಎಂದಿದ್ದರೆ ಗೆರೆಯನ್ನು ವೈದ್ಯರು ನೋಡಿದ್ದಾರೆಯೇ ಎಂದು ಸಂಕೋಚವಿಲ್ಲದೆ ಕೇಳಿ.