ಬಸುರಿಯಲ್ಲಿ ಬಿಪಿ: ಮಣಿಕಟ್ಟಿನ ಮಷಿನ್, ತೋಳಿನ ಮಷಿನ್, ಇಲ್ಲಾ ಸಿಸ್ಟರ್ ಹತ್ತಿರವೇ?

ಎರಡನೇ ಸಲ ಬಸುರಿಯಾದಾಗ ಏಳನೇ ತಿಂಗಳಲ್ಲಿ ನನ್ನ ಬಿಪಿ 138/88 ಬಂತು. 140/90 ಮುಟ್ಟಿದರೆ ಜಾಸ್ತಿ ಅಂತಲೇ ಲೆಕ್ಕ, ಮನೆಯಲ್ಲೂ ನೋಡಿಕೊಳ್ಳಮ್ಮ ಎಂದರು ಡಾಕ್ಟರ್.

ಮೊದಲು ತಂದದ್ದು ಮಣಿಕಟ್ಟಿಗೆ ಕಟ್ಟುವ ಮಷಿನ್. ರವಿಕೆ ತೋಳು ಸರಿಸುವ ಗೋಜಿಲ್ಲ. ಆದರೆ ಒಂದು ಬೆಳಿಗ್ಗೆ 146 ತೋರಿಸಿತು. ಎದೆ ಡವಡವ. ಕೈ ತೊಡೆಯ ಮೇಲಿತ್ತು. ಎದೆಯ ಮಟ್ಟಕ್ಕೆ ಎತ್ತಿ ಹಿಡಿದರೆ 128! ಕೈ ಕೆಳಗಿದ್ದಷ್ಟೂ ನಂಬರ್ ಏರುತ್ತದೆ. ಯಾವುದನ್ನು ನಂಬೋದು? ವಾರದಲ್ಲೇ ಎತ್ತಿಟ್ಟೆ.

ಆಮೇಲೆ ತೋಳಿನ ಮಷಿನ್. ಟೇಲರ್ ಟೇಪಿನಲ್ಲಿ ಅಳೆದರೆ ನನ್ನ ತೋಳಿನ ಸುತ್ತಳತೆ 34 ಸೆಂ.ಮೀ. ಮಷಿನ್ ಜೊತೆಗೆ ಬಂದ, ತೋಳಿಗೆ ಸುತ್ತುವ ಪಟ್ಟಿ 32ರವರೆಗೆ ಮಾತ್ರ. ಪಟ್ಟಿ ಚಿಕ್ಕದಾದರೆ ಬಿಪಿ ಇರೋದಕ್ಕಿಂತ ಜಾಸ್ತಿ ತೋರಿಸುತ್ತದೆ, ಹಾಗಾಗಿ ದೊಡ್ಡ ಪಟ್ಟಿ ಬೇರೆ ತರಿಸಿದೆ. ಮೂತ್ರಕ್ಕೆ ಹೋಗಿ ಬಂದು, ಬೆನ್ನು ಒರಗಿಸಿ, ಪಾದ ನೆಲಕ್ಕೂರಿ ಐದು ನಿಮಿಷ ಸುಮ್ನೆ ಕೂರುತ್ತಿದ್ದೆ. ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ, ಎರಡನ್ನೂ ಬರೆದಿಡುತ್ತಿದ್ದೆ. ಚೆಕಪ್‌ಗೂ ಒಯ್ದೆ. ಸಿಸ್ಟರ್ ನೋಡಿದ್ದಕ್ಕೂ ಇದಕ್ಕೂ ನಾಲ್ಕರಷ್ಟೇ ವ್ಯತ್ಯಾಸ. ಹೀಗೆ ಹೊಂದಿಸಿ ನೋಡಲೇಬೇಕು ಕಣ್ರೀ. ಎಲ್ಲ ಮಷಿನ್‌ಗಳನ್ನೂ ಬಸುರಿಯರ ಮೇಲೆ ಪರೀಕ್ಷೆ ಮಾಡಿರುವುದಿಲ್ಲ. ಬಸುರಿನ ಬಿಪಿ ಕಾಯಿಲೆ ಬಂದಾಗ ಕೆಲವು ಕಡಿಮೆಯೇ ತೋರಿಸುತ್ತವೆ.

ಇನ್ನು ಉಪಕೇಂದ್ರದ ಸಿಸ್ಟರ್. ತಾಯಿ ಕಾರ್ಡಿನಲ್ಲಿ ಬಿಪಿ ಬರೆದು, ಹೆಬ್ಬೆರಳಿನಿಂದ ನನ್ನ ಕಣಕಾಲು ಒತ್ತಿ ಗುಳಿ ಬೀಳುತ್ತಾ ಅಂತ ನೋಡುತ್ತಿದ್ದರು. ಮೂತ್ರದಲ್ಲಿ ಪ್ರೋಟೀನ್ ಇದೆಯಾ ಅಂತಲೂ ನೋಡುತ್ತಿದ್ದರು. ಯಾವ ಮಷಿನ್ ಇದನ್ನು ಮಾಡುತ್ತದೆ? ಆದರೆ ಅವರ ಭೇಟಿ ತಿಂಗಳಿಗೊಮ್ಮೆ. ನಡುವೆ ಬಿಪಿ ಏರಿದರೆ ಗೊತ್ತಾಗೋದು ಹೇಗೆ?

ಅದಕ್ಕೇ ನನ್ನ ಆಯ್ಕೆ ತೋಳಿನ ಮಷಿನ್, ಜೊತೆಗೆ ಒಂದೂ ತಪ್ಪಿಸದ ಚೆಕಪ್. 160/110 ಬಂದರೆ ಮಾರನೇ ದಿನಕ್ಕೆ ಕಾಯಬೇಡಿ. ತಡೆಯಲಾರದ ತಲೆನೋವು, ಕಣ್ಣು ಮಂಜು, ಹೊಟ್ಟೆಯ ಮೇಲ್ಭಾಗದಲ್ಲಿ ನೋವು, ತಟ್ಟನೆ ಮುಖ ಊದುವುದು ಕಂಡರಂತೂ ನಂಬರ್ ಎಷ್ಟೇ ಇರಲಿ, ಕೂಡಲೇ ಆಸ್ಪತ್ರೆಗೆ ಹೋಗಿ.

ಹೆರಿಗೆಯಾದ ಮೇಲೂ ಆರು ವಾರ ಎಚ್ಚರ ಬೇಕು. ಬಾಣಂತನಕ್ಕೆ ತವರಿಗೆ ಹೊರಟಾಗ ಮಗುವಿನ ಬಟ್ಟೆಗಿಂತ ಮೊದಲು ಬ್ಯಾಗಿಗೆ ಇಟ್ಟದ್ದು ಆ ಮಷಿನ್ನೇ.