ಜಂಟಿ ವರಸೆಯನ್ನು ನುಂಗಿದ ಕ್ವಾಂಟೈಜರ್: ಬಳಸಿ ನೋಡಿದ ಮೂರರ ಹೋಲಿಕೆ

ಬಿಡಿ ಬಿಡಿ ಮಾಡ್ಯೂಲುಗಳನ್ನು ಕೇಬಲ್‌ಗಳಿಂದ ಜೋಡಿಸಿ ನುಡಿಸುವ ಮಾಡ್ಯುಲರ್ ಸಿಂಥಸೈಜರಿನಲ್ಲಿ, ಸ್ವರವನ್ನು ಸರಿಯಾದ ಸ್ಥಾನಕ್ಕೆ ಕೂರಿಸುವ ಮಾಡ್ಯೂಲೇ ಕ್ವಾಂಟೈಜರ್. ಅಂಥ ಮೂರರ ಈ ಹೋಲಿಕೆಯಲ್ಲಿ ನನ್ನ ಪಕ್ಷಪಾತ ಆರ್ನಮೆಂಟ್ ಆಂಡ್ ಕ್ರೈಮ್ ಎಂಬ ಮಾಡ್ಯೂಲಿನ ಕಡೆಗಿದೆ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆದರೆ ನಾನು ಮೊದಲು ಹಣ ಕೊಟ್ಟು ಕೊಂಡದ್ದು ಅದನ್ನಲ್ಲ. ಮುಂಭಾಗದಲ್ಲಿ ಪಿಯಾನೊ ಮನೆಗಳಂತೆ ಹನ್ನೆರಡು ಗುಂಡಿಗಳಿರುವ ಬೇರೊಂದು ಕ್ವಾಂಟೈಜರನ್ನು 14,000 ರೂಪಾಯಿಗೆ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡು, ನಾಲ್ಕು ತಿಂಗಳು ಅದರೊಡನೆ ಗುದ್ದಾಡಿ, ಕೊನೆಗೆ 9,000ಕ್ಕೆ ಮಾರಿದೆ. ಅದರ ಹೆಸರು ಇಲ್ಲಿ ಬೇಡ. ‘ಗುಂಡಿಯದು’ ಎಂದು ಕರೆಯುತ್ತೇನೆ. ನಡುವೆ ಗೆಳೆಯನೊಬ್ಬ ಡೋಪ್ಫರ್ ಕಂಪನಿಯ ತನ್ನ ಎ-156 ಕ್ವಾಂಟೈಜರನ್ನು ಮೂರು ವಾರಗಳ ಮಟ್ಟಿಗೆ ಕೊಟ್ಟಿದ್ದರಿಂದ ಹೋಲಿಕೆಗೆ ಮೂರನೆಯದೂ ಸಿಕ್ಕಿತು.

ಇಂಥ ಮಾಡ್ಯೂಲುಗಳಿಗೆಂದೇ ಇರುವ ಯೂರೋರ್ಯಾಕ್ ಪದ್ಧತಿಯಲ್ಲಿ ಒಂದು ವೋಲ್ಟ್ ಏರಿದರೆ ಶ್ರುತಿ ಒಂದು ಸ್ಥಾಯಿ ಏರುತ್ತದೆ, ಅಂದರೆ ಒಂದು ಸ್ವರಸ್ಥಾನಕ್ಕೂ ಮುಂದಿನದಕ್ಕೂ ನಡುವೆ ಸುಮಾರು 83.3 ಮಿಲಿವೋಲ್ಟ್ ಅಂತರವಿರುತ್ತದೆ. ಎಲ್ಲೆಂದರಲ್ಲಿ ಅಲೆದಾಡುವ ವೋಲ್ಟೇಜನ್ನು ಹತ್ತಿರದ ಸ್ವರಕ್ಕೆ ತಂದು ಕೂರಿಸುವುದೇ ಕ್ವಾಂಟೈಜರಿನ ಕೆಲಸ. ಪಿಟೀಲಿನ ತಂತಿಯ ಮೇಲೆ ಜಾರುವ ಬೆರಳನ್ನು ಹಾರ್ಮೋನಿಯಂ ಮನೆಗಳಿಗೆ ಕಟ್ಟಿಹಾಕಿದಂತೆ. ನನಗೆ ಬೇಕಿದ್ದುದು ಇಷ್ಟು: ಕೆಳಗೆ ಸ-ಪ ಶ್ರುತಿ ನಿಲ್ಲಬೇಕು, ಅದರ ಮೇಲೆ ಸ್ವರಗಳನ್ನು ಹೆಜ್ಜೆ ಹೆಜ್ಜೆಯಾಗಿ ಕಳಿಸುವ ಸೀಕ್ವೆನ್ಸರಿನಿಂದ ಬರುವ ಸಾಲು ಮಾಯಾಮಾಳವಗೌಳದ ಏಳು ಸ್ವರಗಳನ್ನು ಬಿಟ್ಟು ಆಚೆ ಹೋಗಬಾರದು. ಚಿಕ್ಕಂದಿನಲ್ಲಿ ಸಂಗೀತ ಪಾಠಕ್ಕೆ ಹೋದವರ ಕೈ ಮೊದಲು ಆ ರಾಗಕ್ಕೇ ಹೋಗುತ್ತದೆ.

ಆ ಲೆಕ್ಕದಲ್ಲಿ ಗುಂಡಿಯದು ಹೇಳಿ ಮಾಡಿಸಿದಂತಿತ್ತು. ಶುದ್ಧ ರಿಷಭ, ಅಂತರ ಗಾಂಧಾರ, ಶುದ್ಧ ಮಧ್ಯಮ ಎಂದು ಒಂದೊಂದೇ ಗುಂಡಿ ಒತ್ತಿ ದೀಪ ಹೊತ್ತಿಸಿದರೆ ರಾಗ ಸಿದ್ಧವಾಗುತ್ತಿತ್ತು. ಮೆನು ಇಲ್ಲ, ಪರದೆ ಇಲ್ಲ. ಮೊದಲ ಸಂಜೆ ನಿಧಾನಗತಿಯ, ಉದ್ದನೆಯ ಸ್ವರಗಳನ್ನಷ್ಟೇ ನುಡಿಸಿದ್ದರಿಂದ ಎಲ್ಲವೂ ಚೆನ್ನಾಗಿಯೇ ಕೇಳಿಸಿತು. ಎರಡನೆಯ ದಿನ ವೀಣೆಯಂತೆ ಮೀಟಿ ಆರಿಹೋಗುವ ಚಿಕ್ಕ ನಾದವೊಂದನ್ನು ಕಟ್ಟಿ ಸರಳೆ ವರಸೆಯನ್ನು ಹಾಕಿದಾಗ, ಪ್ರತಿ ಸ್ವರದ ತಲೆಯಲ್ಲಿ ಒಂದು ‘ಚಿಕ್’ ಸದ್ದು ಅಂಟಿಕೊಂಡಿತ್ತು. ಗಾಂಧಾರ ಮೀಟುವಾಗ ರಿಷಭದ ಚೂರು, ಮಧ್ಯಮ ಮೀಟುವಾಗ ಗಾಂಧಾರದ ಚೂರು. ಯಾರೋ ಬೇಡದ ಅನುಸ್ವರಗಳನ್ನು ಸೇರಿಸುತ್ತಿರುವಂತೆ.

ಕಾರಣ ತಿಳಿಯಲು ಮೂರು ಸಂಜೆ ಹಿಡಿಯಿತು. ನಾದ ಹುಟ್ಟಿಸುವ ಆಸಿಲೇಟರನ್ನು ಬದಲಿಸಿದೆ, ಕೇಬಲ್‌ಗಳನ್ನು ಬದಲಿಸಿದೆ, ನಾದ ಏಳುವ-ಆರುವ ರೀತಿಯನ್ನು ನೋಡಿಕೊಳ್ಳುವ ಎನ್ವಲಪ್ ಮಾಡ್ಯೂಲನ್ನೂ ಬೈದೆ. ತಪ್ಪು ಇದ್ದದ್ದು ಹೊತ್ತಿನಲ್ಲಿ. ಸೀಕ್ವೆನ್ಸರು ಸ್ವರದ ವೋಲ್ಟೇಜನ್ನೂ ‘ಈಗ ನುಡಿ’ ಎಂಬ ಸಂಜ್ಞೆಯಾದ ಗೇಟನ್ನೂ ಒಂದೇ ಕ್ಷಣದಲ್ಲಿ ಕಳಿಸುತ್ತದೆ. ಗೇಟು ನೇರವಾಗಿ ಎನ್ವಲಪ್ಪಿಗೆ ಹೋಗಿ ಬಾಗಿಲು ತೆರೆಯುತ್ತದೆ. ವೋಲ್ಟೇಜು ಮಾತ್ರ ಕ್ವಾಂಟೈಜರಿನ ಹೊಟ್ಟೆಯೊಳಗೆ ಹೊಕ್ಕು, ಅಳತೆಯಾಗಿ, ಕೆಲವು ಮಿಲಿಸೆಕೆಂಡ್ ತಡವಾಗಿ ಹೊರಬರುತ್ತದೆ. ಬಾಗಿಲು ತೆರೆದಾಗ ಹೊಸ್ತಿಲಲ್ಲಿ ಇನ್ನೂ ಹಳೆಯ ಸ್ವರವೇ ನಿಂತಿರುತ್ತದೆ. ಹಾಗಾದರೆ ಅದೇ ಗೇಟನ್ನು, ‘ಈಗ ಅಳೆ’ ಎಂದು ಸೂಚಿಸಲು ಇರುವ ಕ್ವಾಂಟೈಜರಿನ ಟ್ರಿಗರ್ ಇನ್‌ಪುಟ್‌ಗೂ ಕೊಡೋಣವೆಂದು ಕೊಟ್ಟರೆ ಇನ್ನೂ ಕೆಟ್ಟಿತು: ಸೀಕ್ವೆನ್ಸರಿನ ವೋಲ್ಟೇಜು ಹೊಸ ಮಟ್ಟಕ್ಕೆ ನೆಲೆಗೊಳ್ಳುವ ಮೊದಲೇ ಅದು ಅಳೆದುಬಿಡುತ್ತಿದ್ದುದರಿಂದ, ಇಡೀ ಸಾಲು ಒಂದು ಸ್ವರ ಹಿಂದೆ ಬಿದ್ದು ನಡೆಯತೊಡಗಿತು.

ಇದಕ್ಕೆ ಎಲ್ಲರೂ ಹೇಳುವ ಪರಿಹಾರ ಒಂದಿದೆ. ಗೇಟನ್ನು ಸೀಕ್ವೆನ್ಸರಿನಿಂದ ತೆಗೆದುಕೊಳ್ಳುವ ಬದಲು ಕ್ವಾಂಟೈಜರಿನ ಟ್ರಿಗರ್ ಔಟ್‌ಪುಟ್ಟಿನಿಂದ ತೆಗೆದುಕೊಳ್ಳಬೇಕು. ಹೊಸ ಸ್ವರ ಹೊರಬಿದ್ದ ಮೇಲೆಯೇ ಅಲ್ಲಿ ಟ್ರಿಗರ್ ಬರುವುದರಿಂದ ಹಳೆಯ ಸ್ವರದ ಚೂರು ಕೇಳಿಸುವ ಮಾತೇ ಇಲ್ಲ. ಸರಳೆ ವರಸೆ ಅಂದು ಮುತ್ತು ಪೋಣಿಸಿದಂತೆ ಬಂತು. ಸಂತೋಷದಿಂದ ಜಂಟಿ ವರಸೆಗೆ ಹೋದೆ. ಸಸ ರಿರಿ ಗಗ ಮಮ ಎಂದು ಸೀಕ್ವೆನ್ಸರಿನಲ್ಲಿ ಹದಿನಾರು ಹೆಜ್ಜೆ ತುಂಬಿದರೆ ಕೇಳಿಸಿದ್ದು ಸ, ರಿ, ಗ, ಮ ಅಷ್ಟೇ, ಒಂದೊಂದಕ್ಕೂ ಎರಡರಷ್ಟು ಉದ್ದ. ಸ್ವರ ಬದಲಾದಾಗ ಮಾತ್ರ ಟ್ರಿಗರ್ ಕೊಡುವ ಯಂತ್ರಕ್ಕೆ ಎರಡನೆಯ ‘ಸ’ ಹೊಸದಲ್ಲ, ಆದ್ದರಿಂದ ಅದನ್ನು ನುಂಗಿಹಾಕಿತ್ತು. ಜಂಟಿ ವರಸೆಯಲ್ಲಿ ಎರಡನೆಯ ಸ್ವರದ ಮೇಲೆ ಪೆಟ್ಟು ಹಾಕಬೇಕೆಂದು ಪಾಠದಲ್ಲಿ ಎಷ್ಟು ಬೈಸಿಕೊಂಡಿದ್ದೆನೋ, ಆ ಪೆಟ್ಟೇ ಇಲ್ಲಿ ಮಾಯವಾಗಿತ್ತು. ಗೇಟನ್ನು ತಡಮಾಡಿಸುವ ಇನ್ನೊಂದು ಮಾಡ್ಯೂಲ್ ಕೊಂಡರೆ ಎರಡೂ ತೊಂದರೆ ಒಟ್ಟಿಗೆ ತೀರುತ್ತವೆ, ನಿಜ. ಆದರೆ ಒಂದು ಮಾಡ್ಯೂಲಿನ ಕುಂದನ್ನು ಮುಚ್ಚಲು ಮತ್ತೊಂದನ್ನು ಕೊಳ್ಳುವಷ್ಟು ಜಾಗ ಮಾಡ್ಯೂಲುಗಳನ್ನು ಕೂರಿಸುವ ನನ್ನ ಪೆಟ್ಟಿಗೆಯಲ್ಲೂ ಇರಲಿಲ್ಲ, ಹಣ ಜೇಬಿನಲ್ಲೂ ಇರಲಿಲ್ಲ.

ಎ-156ರ ಬಗ್ಗೆ ಹೇಳುವುದು ಕಡಿಮೆ. ಯೂರೋರ್ಯಾಕ್ ಪದ್ಧತಿಯನ್ನೇ ಆರಂಭಿಸಿದ ಜರ್ಮನಿಯ ಮನೆಯದು. ಒಂದೇ ಫಲಕದಲ್ಲಿ ಎರಡು ಕ್ವಾಂಟೈಜರುಗಳಿವೆ. ಒಂದು ಹನ್ನೆರಡೂ ಸ್ವರಸ್ಥಾನಗಳಿಗೆ ಕೂರಿಸುತ್ತದೆ, ಇನ್ನೊಂದನ್ನು ಸ್ವಿಚ್ಚುಗಳಿಂದ ಮೇಜರ್, ಮೈನರ್ ಇಲ್ಲವೇ ಅವುಗಳ ಕಾರ್ಡುಗಳಿಗೆ ಕಟ್ಟಬಹುದು. ಸೀಕ್ವೆನ್ಸರಿನ ಗೇಟನ್ನು ನೇರವಾಗಿ ಎನ್ವಲಪ್ಪಿಗೆ ಕೊಟ್ಟರೂ ಆ ‘ಚಿಕ್’ ನನ್ನ ಕಿವಿಗೆ ಬೀಳಲಿಲ್ಲ. ಮೇಜರ್ ಎಂದರೆ ನಮ್ಮ ಶಂಕರಾಭರಣದ ಸ್ವರಗಳು, ಮೈನರ್ ಎಂದರೆ ನಟಭೈರವಿಯವು. ಎಪ್ಪತ್ತೆರಡು ಮೇಳಗಳಲ್ಲಿ ಎರಡು ಸಿಕ್ಕಿದವು. ಮಾಯಾಮಾಳವಗೌಳ ಸಿಗಲಿಲ್ಲ. ಪಾಶ್ಚಾತ್ಯ ರೀತಿಯಲ್ಲಿ ನುಡಿಸುವ ನನ್ನ ಗೆಳೆಯನಿಗೆ ಅದು ಸಾಕಾಗಿದೆ.

ಇನ್ನು ಆರ್ನಮೆಂಟ್ ಆಂಡ್ ಕ್ರೈಮ್. ಇದರ ವಿನ್ಯಾಸವೂ ಸಾಫ್ಟ್‌ವೇರೂ ಮುಕ್ತವಾಗಿರುವುದರಿಂದ ಯಾರು ಬೇಕಾದರೂ ಜೋಡಿಸಿ ಮಾರಬಹುದು; ನನ್ನದು ಅದರ ಕಿರಿದಾದ ರೂಪ. ಒಳಗೆ ಹಲವು ಆ್ಯಪ್‌ಗಳಿವೆ, ಅವುಗಳಲ್ಲಿ ಕ್ವಾಂಟರ್‌ಮೇನ್ ಎಂಬುದು ನಾಲ್ಕು ಕ್ವಾಂಟೈಜರುಗಳ ಕೆಲಸವನ್ನು ಒಟ್ಟಿಗೆ ಮಾಡುತ್ತದೆ. ನನ್ನ ಮೂರು ಸಂಜೆಗಳನ್ನು ತಿಂದ ತೊಂದರೆಗೆ ಅದರಲ್ಲಿ ಒಂದು ಸಾಲಿನ ಉತ್ತರವಿತ್ತು: ಟ್ರಿಗರ್ ಬಂದ ಮೇಲೆ ಎಷ್ಟು ಹೊತ್ತು ಕಾದು ವೋಲ್ಟೇಜನ್ನು ಅಳೆಯಬೇಕೆಂದು ನಾವೇ ಹೇಳಬಹುದು. ನಾನು 480 ಮೈಕ್ರೋಸೆಕೆಂಡಿಗೆ ಇಟ್ಟಿದ್ದೇನೆ. ಅದು ಅರ್ಧ ಮಿಲಿಸೆಕೆಂಡಿಗೂ ಕಡಿಮೆಯಾದ್ದರಿಂದ ಗೇಟನ್ನು ಸೀಕ್ವೆನ್ಸರಿನಿಂದ ನೇರವಾಗಿ ಕೊಟ್ಟರೂ ಹಳೆಯ ಸ್ವರದ ಚೂರು ಕೇಳಿಸುವುದಿಲ್ಲ, ಎರಡನೆಯ ‘ಸ’ವೂ ಪೆಟ್ಟಿನೊಂದಿಗೆ ಬರುತ್ತದೆ.

ನಾನು ನಿರೀಕ್ಷಿಸದೆ ಸಿಕ್ಕ ಲಾಭ ಗಾಂಧಾರದ್ದು. ಸಮಪಾಲು ಮಾಡಿದ ಹನ್ನೆರಡು ಮನೆಗಳಲ್ಲಿ ಅಂತರ ಗಾಂಧಾರ ಷಡ್ಜದಿಂದ 400 ಸೆಂಟ್ (ಒಂದು ಸ್ಥಾಯಿಗೆ 1200 ಸೆಂಟ್) ದೂರದಲ್ಲಿರುತ್ತದೆ. ತಂಬೂರಿಯಲ್ಲಿ ತಾನಾಗಿ ಮೊಳಗುವ ಗಾಂಧಾರ 5:4ರ ಅನುಪಾತದ್ದು, ಅಂದರೆ ಸುಮಾರು 386 ಸೆಂಟ್. ಷಡ್ಜ 130.8 ಹರ್ಟ್ಸ್‌ನಲ್ಲಿದ್ದರೆ ಅದರ ಐದು ಪಟ್ಟು ಕಂಪನದ ಉಪಸ್ವರಕ್ಕೂ ಗಾಂಧಾರದ ನಾಲ್ಕು ಪಟ್ಟು ಕಂಪನದ ಉಪಸ್ವರಕ್ಕೂ 5 ಹರ್ಟ್ಸ್‌ನಷ್ಟು ವ್ಯತ್ಯಾಸ ಬಿದ್ದು, ನಿಂತ ಶ್ರುತಿಯ ಮೇಲೆ ಸೆಕೆಂಡಿಗೆ ಐದು ಸಲ ಅಲೆ ಏಳುತ್ತದೆ. ಗುಂಡಿಯದರಲ್ಲಿ ಇದನ್ನು ಸಹಿಸಿಕೊಂಡಿದ್ದೆ. ಇದರಲ್ಲಿ ಒಂದು ಸ್ಥಾಯಿಯನ್ನು 1536 ಭಾಗ ಮಾಡಿದ್ದಾರೆ, ನಮ್ಮದೇ ನಾಲ್ಕು ಶ್ರೇಣಿಗಳನ್ನು ಬರೆದಿಡಬಹುದು. ಗಾಂಧಾರವನ್ನು 512ರಿಂದ 494ಕ್ಕೆ ಇಳಿಸಿದೊಡನೆ ಆ ಅಲೆ ಅಡಗಿತು. ಪಂಚಮಕ್ಕೆ ಎರಡು ಭಾಗ ಏರಿಸಿದರೆ ಸಾಕು; ಏರಿಸದಿದ್ದರೂ ನನ್ನ ಕಿವಿ ದೂರುವುದಿಲ್ಲ.

ಬ್ರೇಡ್ಸ್ ಎಂಬ ಆಸಿಲೇಟರಿನಿಂದ ಬಂದ ಶ್ರೇಣಿಗಳ ಪಟ್ಟಿಯಲ್ಲಿ ಭೈರವ್, ಯಮನ್, ದರ್ಬಾರಿ, ಭೀಮ್‌ಪಲಾಸಿ ಮುಂತಾದ ಹಿಂದೂಸ್ತಾನಿ ರಾಗಗಳೂ ಸಿದ್ಧವಾಗಿ ಕೂತಿವೆ. ಧಾರವಾಡದ ಕಡೆಯ ಕಿವಿಯವರಿಗೆ ಹಬ್ಬ. ಮೈಸೂರಿನ ಕಡೆಯ ನಾನು ಭೈರವ್ ಎಂದರೆ ಮಾಯಾಮಾಳವಗೌಳ, ಯಮನ್ ಎಂದರೆ ಕಲ್ಯಾಣಿ ಎಂದು ಮನಸ್ಸಿನಲ್ಲೇ ಅನುವಾದಿಸಿಕೊಳ್ಳುತ್ತೇನೆ. ಪಟ್ಟಿಯಲ್ಲಿರುವುದು ಸ್ವರಗಳ ಗುಂಪು ಮಾತ್ರ, ರಾಗವಲ್ಲ. ಬಿಲಹರಿಯಲ್ಲಿ ಏರುವಾಗ ಮಧ್ಯಮ, ನಿಷಾದಗಳಿಲ್ಲ, ಇಳಿಯುವಾಗ ಇವೆ. ಏರುತ್ತಿದ್ದೇನೋ ಇಳಿಯುತ್ತಿದ್ದೇನೋ ಎಂಬುದು ಈ ಮೂರರಲ್ಲಿ ಯಾವುದಕ್ಕೂ ತಿಳಿಯುವುದಿಲ್ಲ. ಗಮಕದ ಕತೆಯೂ ಅಷ್ಟೇ. ಕ್ವಾಂಟೈಜರ್ ಆದ ಮೇಲೆ ವೋಲ್ಟೇಜನ್ನು ಮೆಲ್ಲಗೆ ಸರಿಸುವ ಸ್ಲ್ಯೂ ಹಾಕಿ ಜಾರು ತರಬಹುದು, ಕಂಪಿತ ಬರುವುದಿಲ್ಲ.

ಮೆಚ್ಚಿನದಕ್ಕೂ ಕಿರಿಕಿರಿಗಳಿವೆ. ಪರದೆ ಅಂಚೆಚೀಟಿಯಷ್ಟಿದ್ದು, ಕನ್ನಡಕವಿಲ್ಲದೆ ಓದಲಾರೆ. ಹೊಂದಿಸಿದ್ದನ್ನು ನಾವೇ ನೆನಪಿಟ್ಟು ಉಳಿಸಬೇಕು. ಹಾಗೆ ಮಾಡದೆ ಒಂದು ದಿನ ಕರೆಂಟು ಹೋಗಿ ಒಂದು ಗಂಟೆಯ ಕೆಲಸ ನೀರಿನಲ್ಲಿ ಹೋಮವಾಯಿತು. ಔಟ್‌ಪುಟ್‌ಗಳನ್ನು ಮಲ್ಟಿಮೀಟರ್ ಹಿಡಿದು ಒಂದೊಂದೇ ವೋಲ್ಟಿಗೆ ಸರಿಪಡಿಸದೆ ಬಳಸಿದ ನನ್ನ ಸೋಮಾರಿತನದಿಂದ ಮೊದಲ ವಾರ ತಾರಸ್ಥಾಯಿ ಇಳಿದೇ ಇತ್ತು.

ವೇದಿಕೆಯ ಮೇಲೆ ನಿಂತು, ನುಡಿಸುತ್ತಲೇ ಸ್ವರಗಳನ್ನು ಹಾಕಿ ತೆಗೆಯುವವನಾಗಿದ್ದರೆ ನಾನು ಗುಂಡಿಯದನ್ನೇ ಇಟ್ಟುಕೊಂಡು, ಗೇಟನ್ನು ತಡಮಾಡಿಸುವ ಮಾಡ್ಯೂಲಿಗೆ ಹಣ ಕೂಡಿಸುತ್ತಿದ್ದೆನೇನೋ, ಏಕೆಂದರೆ ಕತ್ತಲಲ್ಲಿ ಮೆನು ತಡಕಾಡುವುದಕ್ಕಿಂತ ದೀಪವಿರುವ ಗುಂಡಿ ಎಷ್ಟೋ ಮೇಲು. ನಾನು ನುಡಿಸುವುದು ರಾತ್ರಿ ಊಟವಾದ ಮೇಲೆ, ಮನೆಯಲ್ಲಿ, ಒಂದೇ ರಾಗವನ್ನು ವಾರಗಟ್ಟಲೆ. ರಾಗವನ್ನು ಒಮ್ಮೆ ಬರೆದಿಟ್ಟರೆ ಮತ್ತೆ ಮೆನುವಿಗೆ ಹೋಗುವ ಪ್ರಮೇಯವೇ ಬರುವುದಿಲ್ಲ. ಗುಂಡಿಯದನ್ನು ಮಾರಿದ 9,000ಕ್ಕೆ ಕೈಯಿಂದ ಇನ್ನಷ್ಟು ಸೇರಿಸಿ ಕೊಂಡ ಈ ಮಾಡ್ಯೂಲಿನ ನಾಲ್ಕು ಶ್ರೇಣಿಗಳಲ್ಲಿ ಈಗ ಮಾಯಾಮಾಳವಗೌಳ, ಮೋಹನ, ಕಲ್ಯಾಣಿ ಇವೆ. ನಾಲ್ಕನೆಯದು ತೋಡಿಗೆಂದು ಖಾಲಿ ಇದೆ; ಅದರ ಗಾಂಧಾರವನ್ನು ಎಷ್ಟಕ್ಕೆ ಇಡಬೇಕೆಂದು ಇನ್ನೂ ತೀರ್ಮಾನವಾಗಿಲ್ಲ.